ಸ್ವರ ತಪ್ಪಿದರೆ ತಿರುಗಿ ನೋಡುತ್ತಿದ್ದ ಸೇನಾಪತಿ: ಯಾರು ಈ ಝೌ ಯು?

ಚೀನಾದ ಮೂರು ರಾಜ್ಯಗಳ ಕಾಲದ ಗೇಮ್ ಆಡುವ ಹುಡುಗರಿಗೆ ಝೌ ಯು ಹೆಸರು ಗೊತ್ತಿರುತ್ತದೆ. ಸಬ್‌ಟೈಟಲ್ ಹಾಕಿಕೊಂಡು ಚೀನೀ ಐತಿಹಾಸಿಕ ಧಾರಾವಾಹಿ ನೋಡುವವರಿಗೂ ಗೊತ್ತು. ಒಂದು ಕಡೆ ಅವನು ಶತ್ರುಗಳ ಮೇಲೆ ಬೆಂಕಿ ಸುರಿಯುವ ಯೋಧ. ಇನ್ನೊಂದು ಕಡೆ ಹೊಟ್ಟೆಕಿಚ್ಚಿನಿಂದಲೇ ಸತ್ತ ಚೆಲುವ. ಮತ್ತೊಂದು ಕಡೆ ತಂತಿವಾದ್ಯ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ನುಡಿಸುತ್ತಾನೆ. ಒಬ್ಬನೇ ಮನುಷ್ಯ ಇಷ್ಟೆಲ್ಲ ಆಗಿದ್ದನಾ?

ಅವನು ನಿಜವಾಗಿ ಬದುಕಿದ್ದವನು. ಕ್ರಿ.ಶ. 175ರಲ್ಲಿ ಹುಟ್ಟಿ 210ರಲ್ಲಿ ಸತ್ತ. ಚೀನೀಯರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಹಾಗಾಗಿ ಝೌ ಅನ್ನುವುದು ಮನೆತನ, ಯು ಅವನ ಹೆಸರು. ಅವನ ಬಗ್ಗೆ ನಮಗೆ ಸಿಗುವ ಮಾಹಿತಿ ಎರಡು ಬಗೆಯದು. ಒಂದು, ಚೆನ್ ಶೌ ಎಂಬ ಇತಿಹಾಸಕಾರ ಮೂರನೇ ಶತಮಾನದಲ್ಲಿ ಬರೆದ ಮೂರು ರಾಜ್ಯಗಳ ಚರಿತ್ರೆ ಮತ್ತು ಅದಕ್ಕೆ 429ರಲ್ಲಿ ಪೇಯ್ ಸೊಂಗ್‌ಝಿ ಎಂಬಾತ ಸೇರಿಸಿದ ಟಿಪ್ಪಣಿಗಳು. ಇನ್ನೊಂದು, ಸಾವಿರಕ್ಕೂ ಹೆಚ್ಚು ವರ್ಷ ಆದಮೇಲೆ ಬಂದ ಕಾದಂಬರಿ. ಗೇಮು, ಧಾರಾವಾಹಿಗಳ ಕಥೆ ಹೆಚ್ಚಾಗಿ ಎರಡನೆಯದರಿಂದ ಬಂದದ್ದು. ನಾವು ಮೊದಲನೆಯದರಿಂದ ಶುರು ಮಾಡೋಣ.

ಕುಸಿಯುತ್ತಿದ್ದ ಸಾಮ್ರಾಜ್ಯ

ಚೀನಾವನ್ನು ನಾನೂರು ವರ್ಷ ಆಳಿದ ಹಾನ್ ವಂಶ ಎರಡನೇ ಶತಮಾನದ ಕೊನೆಗೆ ಹೆಸರಿಗಷ್ಟೇ ಉಳಿದಿತ್ತು. 184ರಲ್ಲಿ ತಲೆಗೆ ಹಳದಿ ಬಟ್ಟೆ ಕಟ್ಟಿಕೊಂಡ ರೈತರು ದೊಡ್ಡ ದಂಗೆ ಎದ್ದರು. ದಂಗೆ ಅಡಗಿಸಲು ಹೊರಟ ದಳಪತಿಗಳು ತಮ್ಮ ತಮ್ಮ ಸೈನ್ಯ ಕಟ್ಟಿಕೊಂಡು ಅಲ್ಲಲ್ಲೇ ಪಾಳೇಗಾರರಾಗಿಬಿಟ್ಟರು. ಚಕ್ರವರ್ತಿ ಇದ್ದ, ಆದರೆ 196ರಿಂದ ಅವನು ತ್ಸಾವ್ ತ್ಸಾವ್ ಎಂಬ ಸೇನಾನಿಯ ಮುಷ್ಟಿಯಲ್ಲಿದ್ದ. ಉತ್ತರ ಚೀನಾ ನಿಧಾನಕ್ಕೆ ತ್ಸಾವ್ ತ್ಸಾವ್ ಪಾಲಾಯಿತು. ಯಾಂಗ್ಟ್ಸೆ ನದಿಯ ಕೆಳಗಿನ ಸೀಮೆಯಲ್ಲಿ ಸುನ್ ಮನೆತನ ಬೇರು ಬಿಟ್ಟಿತು. ಊರಿಂದ ಊರಿಗೆ ಅಲೆಯುತ್ತಿದ್ದ ಲಿಯು ಬೇಯ್ ಎಂಬಾತ ಮುಂದೆ ಪಶ್ಚಿಮದಲ್ಲಿ ನೆಲೆ ಕಂಡುಕೊಂಡ. ಈ ಮೂರು ತುಂಡುಗಳೇ ಮೂರು ರಾಜ್ಯಗಳು. ಝೌ ಯು ಸುನ್ ಮನೆತನದ ಕಡೆಯವನು.

ಈಗಿನ ಆನ್‌ಹುಯ್ ಪ್ರಾಂತ್ಯದ ಲೂಜಿಯಾಂಗ್ ಅವನ ಸೀಮೆ. ಹಿರಿಯರು ಹಾನ್ ಆಸ್ಥಾನದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಅಪ್ಪ ರಾಜಧಾನಿ ಲುವೊಯಾಂಗ್‌ನ ಅಧಿಕಾರಿ. ಅಂದರೆ ಅನುಕೂಲಸ್ಥರ ಮನೆ, ಓದು, ಸಂಗೀತ ಎಲ್ಲಕ್ಕೂ ಬಿಡುವಿದ್ದ ಮನೆ.

ಗೆಳೆಯ ಕೊಟ್ಟ ವಾದ್ಯಮೇಳ

ಝೌ ಯು ಹದಿಹರೆಯದಲ್ಲಿದ್ದಾಗ ಸುನ್ ಮನೆಯವರು ಅವನ ಊರಿಗೆ ಬಂದು ನೆಲೆಸಿದರು. ಆ ಮನೆಯ ದೊಡ್ಡ ಮಗ ಸುನ್ ತ್ಸೆಗೂ ಇವನಿಗೂ ಒಂದೇ ವಯಸ್ಸು, ಇವನು ಒಂದೇ ತಿಂಗಳು ಚಿಕ್ಕವನು. ರಸ್ತೆಯ ದಕ್ಷಿಣಕ್ಕಿದ್ದ ತಮ್ಮ ದೊಡ್ಡ ಮನೆಯನ್ನೇ ಝೌ ಯು ಅವರಿಗೆ ಬಿಟ್ಟುಕೊಟ್ಟ. ಗೆಳೆಯನ ತಾಯಿಗೆ ನಮಸ್ಕಾರ ಮಾಡಿ ಮನೆಮಗನಂತೆ ಆದ. ಇದ್ದದ್ದನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು ಎಂದು ಚರಿತ್ರೆ ಹೇಳುತ್ತದೆ.

ಮುಂದೆ ಸುನ್ ತ್ಸೆ ಯಾಂಗ್ಟ್ಸೆಯ ದಕ್ಷಿಣವನ್ನು ಗೆಲ್ಲಲು ಹೊರಟಾಗ ಝೌ ಯು ಸೈನ್ಯ ಸಮೇತ ಬಂದು ಸೇರಿಕೊಂಡ. 198ರಲ್ಲಿ ಸುನ್ ತ್ಸೆ ಅವನಿಗೆ 2,000 ಸೈನಿಕರನ್ನೂ 50 ಕುದುರೆಗಳನ್ನೂ ಕೊಟ್ಟ. ಇರಲು ಮನೆ ಕಟ್ಟಿಸಿಕೊಟ್ಟ. ಜೊತೆಗೆ ಒಂದು ವಾದ್ಯಮೇಳವನ್ನೂ ಕೊಟ್ಟ.

ಕುದುರೆ, ಸೈನಿಕರು ಸರಿ, ವಾದ್ಯಮೇಳ ಯಾಕೆ? ಹಾನ್ ಕಾಲದಲ್ಲಿ ಡೋಲು, ಕೊಂಬು, ಕೊಳಲುಗಳ ದಂಡಿನ ಮೇಳ ಅಂದರೆ ಸೇನಾನಿಗೆ ಸಿಗುವ ದೊಡ್ಡ ಗೌರವ. ಸವಾರಿ ಹೊರಟಾಗ, ಔತಣ ನಡೆದಾಗ ಅದು ನುಡಿಯುತ್ತಿತ್ತು. ಆಗ ಝೌ ಯುಗೆ ಇಪ್ಪತ್ತಮೂರು ವರ್ಷ ಅಷ್ಟೇ. ಸುನ್ ತ್ಸೆ ಬೇರೆ ಯಾರಿಗೂ ಇಷ್ಟು ಕೊಡಲಿಲ್ಲ ಎಂದು ಟಿಪ್ಪಣಿ ಹೇಳುತ್ತದೆ. ಸಂಗೀತದ ಹುಚ್ಚಿದ್ದ ಗೆಳೆಯನಿಗೆ ಏನು ಕೊಟ್ಟರೆ ಖುಷಿಯಾಗುತ್ತದೆ ಅಂತ ಅವನಿಗೆ ಗೊತ್ತಿದ್ದಿರಬೇಕು, ಅಲ್ವಾ?

ಮರುವರ್ಷದ ಹೊತ್ತಿಗೆ ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದರು. ಚಿಯಾವ್ ಮನೆತನದ ಹಿರಿಯವಳನ್ನು ಸುನ್ ತ್ಸೆ, ಕಿರಿಯವಳನ್ನು ಝೌ ಯು. ಆದರೆ 200ರಲ್ಲಿ ಸುನ್ ತ್ಸೆ ಶತ್ರುಗಳ ಕೈಯಲ್ಲಿ ಗಾಯಗೊಂಡು ಸತ್ತ. ಅವನ ತಮ್ಮ ಸುನ್ ಚುವಾನ್‌ಗೆ ಆಗ ಬರೀ ಹದಿನೆಂಟು. "ಅವನನ್ನು ನಾನು ಮಗ ಅಂತಲೇ ನೋಡುತ್ತೇನೆ, ನೀನು ಅಣ್ಣ ಅಂತ ನೋಡು" ಎಂದು ತಾಯಿ ಈ ಹುಡುಗನಿಗೆ ಝೌ ಯು ಬಗ್ಗೆ ಹೇಳಿದಳು. ಹುಡುಗ ದೊರೆಯನ್ನು ಸೇನಾನಿಗಳು ಸಲೀಸಾಗಿ ಕಾಣುತ್ತಿದ್ದಾಗ, ಮೊದಲು ಬಗ್ಗಿ ನಮಸ್ಕರಿಸಿ ದೊರೆಗೆ ಸಲ್ಲಬೇಕಾದ ಮರ್ಯಾದೆ ತೋರಿಸಿದವನು ಝೌ ಯು.

ಸೇನಾಪತಿಗೆ ಸಂಗೀತ ಯಾಕೆ ಬೇಕಿತ್ತು?

ಇವತ್ತು ನಮಗೆ ಸೇನೆ ಬೇರೆ, ಸಂಗೀತ ಬೇರೆ. ಹಳೆಯ ಚೀನಾದಲ್ಲಿ ಹಾಗಿರಲಿಲ್ಲ. ಒಳ್ಳೆಯ ಮನೆತನದ ಹುಡುಗ ಕಲಿಯಬೇಕಾದ ವಿದ್ಯೆ ಆರು: ಆಚಾರ, ಸಂಗೀತ, ಬಿಲ್ಲುವಿದ್ಯೆ, ರಥ ಓಡಿಸುವುದು, ಬರವಣಿಗೆ, ಲೆಕ್ಕ. ಸಂಗೀತಕ್ಕೆ ಎರಡನೇ ಜಾಗ, ಬಿಲ್ಲಿಗೆ ಮೂರನೆಯದು. ಕನ್‌ಫ್ಯೂಷಿಯಸ್‌ನ ಕಾಲದಿಂದಲೂ ಒಂದು ನಂಬಿಕೆ ಬೆಳೆದುಬಂದಿತ್ತು. ಸಂಗೀತ ಶ್ರುತಿಯಲ್ಲಿದ್ದರೆ ರಾಜ್ಯವೂ ನೆಟ್ಟಗಿರುತ್ತದೆ, ಸಂಗೀತ ಕೆಟ್ಟರೆ ರಾಜ್ಯ ಕೆಟ್ಟಿದೆ ಎಂದೇ ಅರ್ಥ. ಆದ್ದರಿಂದ ಶ್ರುತಿ ಸರಿಮಾಡುವುದು ಆಸ್ಥಾನದ ಕೆಲಸವಾಗಿತ್ತು.

ಯುದ್ಧಭೂಮಿಯಲ್ಲೂ ನಾದಕ್ಕೆ ಕೆಲಸವಿತ್ತು. ಸಾವಿರಾರು ಜನರ ಗದ್ದಲದಲ್ಲಿ ಕೂಗು ಕೇಳಿಸುವುದಿಲ್ಲ. ಡೋಲು ಬಡಿದರೆ ಮುನ್ನುಗ್ಗಬೇಕು, ಕಂಚಿನ ಗಂಟೆ ಬಾರಿಸಿದರೆ ಹಿಂದೆ ಸರಿಯಬೇಕು.

ಆ ಸಂಗೀತ ಹೇಗಿತ್ತು? ಕೇಳಲು ಧ್ವನಿಮುದ್ರಣ ಇಲ್ಲ, ಆದರೆ ಸ್ವರಗಳ ಲೆಕ್ಕ ಉಳಿದಿದೆ. ಸಂಗೀತ ಗೊತ್ತಿರುವ ಕನ್ನಡಿಗರಿಗೆ ಈ ಲೆಕ್ಕ ಮಜಾ ಕೊಡುತ್ತದೆ. 81 ಅಳತೆಯ ಒಂದು ಕೊಳವೆ ಊದಿದರೆ ಬರುವ ಸ್ವರವನ್ನು ಷಡ್ಜ ಅಂದುಕೊಳ್ಳಿ. ಅದರಲ್ಲಿ ಮೂರನೇ ಒಂದು ಭಾಗ ಕಳೆದರೆ 54. ಆ ಉದ್ದದ ಕೊಳವೆ ಪಂಚಮ ನುಡಿಯುತ್ತದೆ. 54ಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿದರೆ 72, ಅದು ರಿಷಭ. ಮತ್ತೆ ಕಳೆದರೆ 48, ಧೈವತ. ಮತ್ತೆ ಸೇರಿಸಿದರೆ 64, ಗಾಂಧಾರ. ಐದೂ ಸ್ವರಗಳನ್ನು ಸಾಲಾಗಿ ಇಟ್ಟರೆ ಸ, ರಿ, ಗ, ಪ, ದ. ನಮ್ಮ ಮೋಹನ ರಾಗದ ಸ್ವರಗಳು! ಇಲ್ಲಿಂದ ಅಲ್ಲಿಗೆ ಹೋಯಿತು, ಅಲ್ಲಿಂದ ಇಲ್ಲಿಗೆ ಬಂತು ಅಂತ ಹೇಳಬೇಕಾಗಿಲ್ಲ. ಸ-ಪ ಸಂಬಂಧವನ್ನು ಹಿಡಿದು ಹೊರಟ ಯಾರೇ ಆದರೂ ಈ ಐದು ಸ್ವರಗಳಿಗೆ ಬಂದು ನಿಲ್ಲುತ್ತಾರೆ. ಇದೇ ಲೆಕ್ಕವನ್ನು ಮುಂದುವರಿಸಿ ಚೀನೀಯರು ಹನ್ನೆರಡು ಸ್ವರಸ್ಥಾನಗಳನ್ನೂ ಗುರುತಿಸಿದ್ದರು.

ಬರೀ ಕಾಗದದ ಲೆಕ್ಕವಾಗಿರಲಿಲ್ಲ ಇದು. 1978ರಲ್ಲಿ ಹುಬೇ ಪ್ರಾಂತ್ಯದ ಸುಯ್‌ಝೌ ಬಳಿ ಒಬ್ಬ ಸಾಮಂತನ ಸಮಾಧಿ ಅಗೆದಾಗ 65 ಕಂಚಿನ ಗಂಟೆಗಳ ಒಂದು ಜೋಡಣೆ ಸಿಕ್ಕಿತು. ಕ್ರಿ.ಪೂ. ಐದನೇ ಶತಮಾನದ್ದು, ಝೌ ಯುಗಿಂತ ಆರುನೂರು ವರ್ಷ ಹಳೆಯದು. ಒಂದೊಂದು ಗಂಟೆಯೂ ಹೊಡೆಯುವ ಜಾಗ ಬದಲಾದರೆ ಎರಡು ಬೇರೆ ಸ್ವರ ಕೊಡುತ್ತದೆ. ಕಿವಿ ಅಷ್ಟು ಪಳಗಿದ್ದ ನಾಡು ಅದು.

ಮೂರು ಬಟ್ಟಲು ಕುಡಿದ ಮೇಲೂ

ಝೌ ಯುವಿನ ಸಂಗೀತದ ಬಗ್ಗೆ ಚರಿತ್ರೆಯಲ್ಲಿರುವುದು ತೀರಾ ಚುಟುಕು. ಚಿಕ್ಕ ವಯಸ್ಸಿನಿಂದ ಅವನು ಸಂಗೀತಕ್ಕೆ ಮನಸ್ಸು ಕೊಟ್ಟಿದ್ದ. ಮೂರು ಬಟ್ಟಲು ಮದ್ಯ ಕುಡಿದ ಮೇಲೂ ನುಡಿಸುವವರು ಎಲ್ಲಾದರೂ ತಪ್ಪಿದರೆ ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾದರೆ ತಿರುಗಿ ನೋಡುತ್ತಿದ್ದ. ಅದಕ್ಕೇ ಜನ ಹಾಡು ಕಟ್ಟಿದರು: "ರಾಗ ತಪ್ಪಿತೋ, ಝೌ ಹುಡುಗ ತಿರುಗಿದ."

ಮೂರು ಬಟ್ಟಲಿನ ಲೆಕ್ಕಕ್ಕೆ ಅರ್ಥವಿದೆ. ಹಳೆಯ ಆಚಾರ ಗ್ರಂಥದ ಪ್ರಕಾರ ಮರ್ಯಾದಸ್ಥ ಮೂರು ಬಟ್ಟಲಿಗೆ ನಿಲ್ಲಿಸಿ ಎದ್ದು ಹೋಗಬೇಕು. ಅಂದರೆ ಮಿತಿ ಮುಟ್ಟುವಷ್ಟು ಕುಡಿದ ಮೇಲೂ, ಸುತ್ತ ಮಾತು ನಗು ತುಂಬಿರುವಾಗಲೂ ಕಿವಿ ಎಚ್ಚರವಾಗಿತ್ತು ಅನ್ನುವುದು ಈ ಮಾತಿನ ತಾತ್ಪರ್ಯ.

ಕಚೇರಿಗಳಿಗೆ ಹೋಗುವವರಿಗೆ ಇಂಥವರು ಗೊತ್ತು. ಮುಂದಿನ ಸಾಲಿನಲ್ಲಿ ತೊಡೆ ತಟ್ಟಿಕೊಂಡು ತಾಳ ಹಾಕುತ್ತಿರುವ ಹಿರಿಯರೊಬ್ಬರು ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ತಪ್ಪಿದ ಕ್ಷಣ ತಲೆ ಎತ್ತಿ ವೇದಿಕೆ ನೋಡುತ್ತಾರೆ. ಏನೂ ಹೇಳುವುದಿಲ್ಲ. ಹಾಡುವವರಿಗೆ ಅಷ್ಟೇ ಸಾಕು. ಝೌ ಯು ಅಂಥವನು. ಬೈಯಲಿಲ್ಲ, ನಿಲ್ಲಿಸಲಿಲ್ಲ, ಸುಮ್ನೆ ನೋಡಿದ.

ಆ ನೋಟ ಎಷ್ಟು ಹೆಸರುವಾಸಿ ಆಯಿತೆಂದರೆ, ಐನೂರಕ್ಕೂ ಹೆಚ್ಚು ವರ್ಷದ ನಂತರ ತಾಂಗ್ ಕಾಲದ ಕವಿ ಲೀ ದುವಾನ್ ಅದನ್ನೇ ತಲೆಕೆಳಗು ಮಾಡಿದ. ಅವನ ಪದ್ಯದಲ್ಲಿ ಒಬ್ಬ ಹುಡುಗಿ ಝೆಂಗ್ ಎಂಬ ತಂತಿವಾದ್ಯ ನುಡಿಸುತ್ತಾಳೆ. ಝೌ ಹುಡುಗ ತನ್ನ ಕಡೆ ನೋಡಲಿ ಅಂತ ಆಗಾಗ ಬೇಕಂತಲೇ ತಪ್ಪು ತಂತಿ ಮೀಟುತ್ತಾಳೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಝೌ ಯು ಇಂಥ ವಾದ್ಯ ನುಡಿಸುತ್ತಿದ್ದ ಎಂದು ಚರಿತ್ರೆ ಎಲ್ಲೂ ಹೇಳುವುದಿಲ್ಲ. ಅವನ ಮುಂದೆ ಏಳು ತಂತಿಯ ಚಿನ್ ವಾದ್ಯ ಇಟ್ಟವರು ನಂತರದ ಕಲಾವಿದರು, ನಿರ್ದೇಶಕರು. ದಾಖಲೆಯಲ್ಲಿ ಕಾಣುವವನು ಕೇಳುಗ. ಕೇಳುವುದನ್ನೇ ವಿದ್ಯೆಯಾಗಿ ಕಲಿತವನು. ಆ ಕಾಲದ ಕಣ್ಣಲ್ಲಿ ಇದು ಕಡಿಮೆಯ ಮಾತಲ್ಲ. ಔತಣದಲ್ಲಿ ನುಡಿಸಲು ಸಂಬಳದ ಕಲಾವಿದರಿದ್ದರು, ತಪ್ಪು ಒಪ್ಪು ಗೊತ್ತಿದ್ದು ಕೇಳುವವರು ಸಿಗುವುದು ಅಪರೂಪ.

"ತಂತಿ ಮೀಟಿದರೆ ನನಗೆ ತಿಳಿಯುತ್ತದೆ"

ಅವನ ಕಿವಿ ರಾಜಕೀಯಕ್ಕೂ ಬಂದ ಒಂದು ಪ್ರಸಂಗ ಪೇಯ್ ಸೊಂಗ್‌ಝಿಯ ಟಿಪ್ಪಣಿಯಲ್ಲಿದೆ. ಝೌ ಯು ಬುದ್ಧಿವಂತ, ಅವನನ್ನು ಮಾತಲ್ಲಿ ಒಲಿಸಿಕೊಳ್ಳಬಹುದು ಎಂದು ತ್ಸಾವ್ ತ್ಸಾವ್‌ಗೆ ಅನ್ನಿಸಿತು. ಮಾತುಗಾರಿಕೆಗೆ ಹೆಸರಾದ ಜಿಯಾಂಗ್ ಗಾನ್ ಎಂಬವನನ್ನು ಕಳಿಸಿದ. ಅವನು ಸಾದಾ ಬಟ್ಟೆ ತೊಟ್ಟು, ಹೀಗೇ ನೋಡಿಕೊಂಡು ಹೋಗಲು ಬಂದೆ ಎಂಬಂತೆ ಬಂದ. ಝೌ ಯು ಬಾಗಿಲಿಗೆ ಬಂದವನೇ ಕೇಳಿದ: "ಇಷ್ಟು ಕಷ್ಟಪಟ್ಟು ನದಿ ಕೆರೆ ದಾಟಿ ಬಂದಿದ್ದೀಯ. ತ್ಸಾವ್ ಪರವಾಗಿ ಮಾತಾಡಲಿಕ್ಕಾ?"

ಜಿಯಾಂಗ್ ಗಾನ್ ಇಲ್ಲವೇ ಇಲ್ಲ ಎಂದ. ಆಗ ಝೌ ಯು, "ನಾನು ಕುಯ್, ಕುವಾಂಗ್ ಅವರಷ್ಟು ದೊಡ್ಡವನಲ್ಲ. ಆದರೂ ತಂತಿ ಮೀಟಿದರೆ ಅದು ಯಾವ ರಾಗ ಎಂದು ತಿಳಿಯುವಷ್ಟು ಕಿವಿ ಇದೆ" ಎಂದ. ಕುಯ್ ಪುರಾಣ ಕಾಲದ ಸಂಗೀತಾಧಿಕಾರಿ. ಕುವಾಂಗ್ ಕಣ್ಣಿಲ್ಲದ ಆಸ್ಥಾನ ವಿದ್ವಾಂಸ, ಶ್ರುತಿಯ ಸೂಕ್ಷ್ಮ ಹಿಡಿಯುವುದರಲ್ಲಿ ಎತ್ತಿದ ಕೈ. ನೀನು ಬಾಯಿ ಬಿಟ್ಟಾಗಲೇ ನಿನ್ನ ಉದ್ದೇಶ ಗೊತ್ತಾಯಿತು ಅನ್ನುವುದನ್ನು ಝೌ ಯು ಹೀಗೆ ಹೇಳಿದ.

ಹಾಗಂತ ಕಳಿಸಿಬಿಡಲಿಲ್ಲ. ಊಟ ಹಾಕಿ ಉಳಿಸಿಕೊಂಡ. ಮೂರು ದಿನ ಬಿಟ್ಟು ಪಾಳೆಯ, ಉಗ್ರಾಣ, ಆಯುಧಗಳನ್ನೆಲ್ಲ ತಾನೇ ಸುತ್ತಾಡಿಸಿ ತೋರಿಸಿದ. ಒಡೆಯ ನನ್ನನ್ನು ಮನೆಯವನಂತೆ ನೋಡಿಕೊಳ್ಳುವಾಗ ಯಾವ ಮಾತುಗಾರ ಬಂದರೂ ನನ್ನನ್ನು ಅಲ್ಲಾಡಿಸಲು ಆಗದು ಎಂದ. ಜಿಯಾಂಗ್ ಗಾನ್ ನಕ್ಕು ಸುಮ್ಮನಾದ. ವಾಪಸ್ ಹೋಗಿ ತ್ಸಾವ್ ತ್ಸಾವ್ ಮುಂದೆ ಝೌ ಯುವನ್ನು ಹೊಗಳಿದ.

ಕೆಂಪು ಬಂಡೆಯ ಯುದ್ಧ

ಝೌ ಯುವನ್ನು ಚರಿತ್ರೆಯಲ್ಲಿ ನಿಲ್ಲಿಸಿದ್ದು 208ರ ಚಳಿಗಾಲ. ತ್ಸಾವ್ ತ್ಸಾವ್ ದಕ್ಷಿಣಕ್ಕೆ ಬಂದ. ಯಾಂಗ್ಟ್ಸೆಯ ಮಧ್ಯಭಾಗದ ಜಿಂಗ್ ಪ್ರಾಂತ್ಯ ಯುದ್ಧವಿಲ್ಲದೆ ಶರಣಾಯಿತು, ಅದರ ಹಡಗುಪಡೆಯೂ ಅವನ ಕೈಗೆ ಬಂತು. ತನ್ನ ಬಳಿ ಎಂಟು ಲಕ್ಷ ಜನ ಇದ್ದಾರೆ ಎಂದು ಸುನ್ ಚುವಾನ್‌ಗೆ ಪತ್ರ ಬರೆದ. ಆಸ್ಥಾನದ ಹಿರಿಯರು ಶರಣಾಗೋಣ ಎಂದರು.

ಝೌ ಯು ಕೂತು ಲೆಕ್ಕ ಹಾಕಿದ. ಉತ್ತರದಿಂದ ಬಂದವರು ಒಂದೂವರೆ ಲಕ್ಷದ ಆಸುಪಾಸು, ಅವರೂ ನಡೆದು ನಡೆದು ಸೋತವರು. ಜಿಂಗ್ ಪ್ರಾಂತ್ಯದಿಂದ ಸೇರಿದವರು ಜಾಸ್ತಿ ಅಂದರೆ ಎಂಬತ್ತು ಸಾವಿರ, ಅವರಿಗೆ ಹೊಸ ಒಡೆಯನ ಮೇಲೆ ನಂಬಿಕೆಯಿಲ್ಲ. ಉತ್ತರದವರಿಗೆ ಕುದುರೆ ಗೊತ್ತು, ದೋಣಿ ಗೊತ್ತಿಲ್ಲ. ಚಳಿಗಾಲವಾದ್ದರಿಂದ ಕುದುರೆಗೆ ಮೇವಿಲ್ಲ. ಬೆನ್ನ ಹಿಂದೆ ಪಶ್ಚಿಮದಲ್ಲಿ ಶತ್ರುಗಳಿದ್ದಾರೆ. ನೀರು ಹವೆ ಒಗ್ಗದೆ ಕಾಯಿಲೆ ಬೀಳುವುದು ಖಂಡಿತ. ಐವತ್ತು ಸಾವಿರ ಜನ ಕೊಡಿ ಎಂದ. ಸುನ್ ಚುವಾನ್ ಅಷ್ಟು ಹೊಂದಿಸಲಾಗದೆ ಮೂವತ್ತು ಸಾವಿರ ಕೊಟ್ಟ. ಕತ್ತಿಯಿಂದ ಮೇಜಿನ ಮೂಲೆ ಕಡಿದು, ಇನ್ನು ಶರಣಾಗತಿ ಮಾತೆತ್ತಿದವನ ಗತಿ ಇದೇ ಎಂದ. ಲಿಯು ಬೇಯ್ ಕೂಡ ಇವರ ಜೊತೆ ಕೈಜೋಡಿಸಿದ್ದ.

ಚಿಬಿ, ಅಂದರೆ ಕೆಂಪು ಬಂಡೆ ಎಂಬ ಜಾಗದಲ್ಲಿ ಎರಡೂ ಕಡೆಯವರು ಎದುರಾದರು. ಅಷ್ಟರಲ್ಲಾಗಲೇ ತ್ಸಾವ್ ತ್ಸಾವ್ ಪಾಳೆಯದಲ್ಲಿ ರೋಗ ಹಬ್ಬಿತ್ತು. ಮೊದಲ ಘರ್ಷಣೆಯಲ್ಲಿ ಸೋತು ಅವನು ನದಿಯ ಉತ್ತರ ದಡಕ್ಕೆ ಸರಿದ. ಆಗ ಹುವಾಂಗ್ ಗಾಯ್ ಎಂಬ ಹಿರಿಯ ದಳಪತಿ ಝೌ ಯುಗೆ ಹೇಳಿದ: "ಅವರ ಹಡಗುಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತಿವೆ. ಸುಟ್ಟು ಓಡಿಸಬಹುದು."

ಹತ್ತಾರು ಹಡಗುಗಳಲ್ಲಿ ಒಣಜೊಂಡು, ಸೌದೆ ತುಂಬಿದರು. ಎಣ್ಣೆ ಸುರಿದರು. ಮೇಲೆ ಬಟ್ಟೆ ಹೊದಿಸಿ ಬಾವುಟ ನೆಟ್ಟರು. ಪ್ರತಿ ಹಡಗಿನ ಹಿಂದೆ ಒಂದು ಚಿಕ್ಕ ದೋಣಿ ಕಟ್ಟಿದರು, ಬೆಂಕಿ ಹಚ್ಚಿದವರು ಹಾರಿ ತಪ್ಪಿಸಿಕೊಳ್ಳಲಿಕ್ಕೆ. ಶರಣಾಗಲು ಬರುತ್ತಿದ್ದೇನೆ ಎಂದು ಹುವಾಂಗ್ ಗಾಯ್ ಮೊದಲೇ ಪತ್ರ ಕಳಿಸಿದ್ದ. ಆಚೆ ದಡದ ಸೈನಿಕರು ಹೊರಗೆ ಬಂದು ಕತ್ತು ಚಾಚಿ, ಬೆರಳು ತೋರಿಸುತ್ತ, ಅಗೋ ಶರಣಾಗಲು ಬಂದ ಎನ್ನುತ್ತಿದ್ದರು. ಎರಡು ಲೀ ದೂರ, ಅಂದರೆ ಸುಮಾರು 800 ಮೀಟರ್ ಇದ್ದಾಗ ಎಲ್ಲ ಹಡಗಿಗೂ ಒಟ್ಟಿಗೆ ಬೆಂಕಿ ಬಿತ್ತು. ಆಗ್ನೇಯದಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಹಡಗು ಉರಿದು ಬೆಂಕಿ ದಡದ ಪಾಳೆಯಕ್ಕೂ ಹತ್ತಿತು.

ತ್ಸಾವ್ ತ್ಸಾವ್ ಕೆಸರುದಾರಿಯಲ್ಲಿ ಉತ್ತರಕ್ಕೆ ಓಡಿದ. "ಕಾಯಿಲೆ ಬಂದಿತ್ತು, ನಾನೇ ಹಡಗು ಸುಟ್ಟು ಹಿಂದೆ ಬಂದೆ, ಝೌ ಯುಗೆ ಸುಮ್ಮನೆ ಹೆಸರು ಬಂತು" ಎಂದು ಆಮೇಲೆ ಬರೆದುಕೊಂಡನಂತೆ. ಸೋತವರು ಹೀಗೆ ಹೇಳುವುದು ಹೊಸದೇನಲ್ಲ. ಆದರೆ ಕಾಯಿಲೆಯ ಮಾತು ಮಾತ್ರ ನಿಜ.

ಬಾಣ, ಹಾಸಿಗೆ, ಸಾವು

ಗೆಲುವಿನ ನಂತರ ಝೌ ಯು ಜಿಯಾಂಗ್‌ಲಿಂಗ್ ಕೋಟೆಗೆ ಮುತ್ತಿಗೆ ಹಾಕಿದ. ವರ್ಷಕ್ಕೂ ಹೆಚ್ಚು ಎಳೆದ ಈ ಯುದ್ಧದಲ್ಲಿ ಅವನ ಬಲ ಪಕ್ಕೆಗೆ ಬಾಣ ನಾಟಿತು. ಹಾಸಿಗೆ ಹಿಡಿದಿದ್ದಾನೆ ಎಂದು ತಿಳಿದ ಎದುರಾಳಿ ತ್ಸಾವ್ ರೆನ್ ದಂಡೆತ್ತಿ ಬಂದ. ಝೌ ಯು ಎದ್ದು ಪಾಳೆಯ ಸುತ್ತಿ ಸೈನಿಕರಿಗೆ ಮುಖ ತೋರಿಸಿದ. ತ್ಸಾವ್ ರೆನ್ ಹಿಂದೆ ಸರಿದ, ಕೊನೆಗೆ ಕೋಟೆ ಬಿಟ್ಟ.

ಅವನ ಸ್ವಭಾವ ಹೇಗಿತ್ತು? ವಯಸ್ಸಿನಲ್ಲಿ ಹಿರಿಯನಾದ ದಳಪತಿ ಚೆಂಗ್ ಪು ಇವನನ್ನು ಹಲವು ಸಲ ಕೀಳಾಗಿ ಕಂಡಿದ್ದ. ಝೌ ಯು ತಗ್ಗಿ ನಡೆದ, ತಿರುಗಿ ಮಾತಾಡಲಿಲ್ಲ. ಕೊನೆಗೆ ಚೆಂಗ್ ಪುನೇ ಹೇಳಿದ: "ಅವನ ಒಡನಾಟ ಗಟ್ಟಿ ಮದ್ಯ ಕುಡಿದ ಹಾಗೆ. ಗೊತ್ತಿಲ್ಲದೆಯೇ ಅಮಲೇರುತ್ತದೆ." ಹಾಗಂತ ಸಾಧು ಅಂತಲೂ ತಿಳಿಯಬೇಡಿ. ಲಿಯು ಬೇಯ್ ಭೇಟಿಗೆ ಬಂದಾಗ, ಅವನಿಗೆ ಅರಮನೆ ಕಟ್ಟಿಸಿ, ಹೆಣ್ಣು, ಭೋಗದಲ್ಲಿ ಮುಳುಗಿಸಿ ಇಲ್ಲೇ ಹಿಡಿದಿಟ್ಟುಕೊಳ್ಳಿ ಎಂದು ಸುನ್ ಚುವಾನ್‌ಗೆ ಬರೆದವನು ಇವನೇ. ದೊರೆ ಒಪ್ಪಲಿಲ್ಲ.

210ರಲ್ಲಿ ಪಶ್ಚಿಮದ ಶು ಸೀಮೆಯ ಮೇಲೆ ದಂಡೆತ್ತಲು ಅಣಿಯಾಗುತ್ತಿದ್ದಾಗ ದಾರಿಯಲ್ಲೇ ಬಾಚಿಯು ಎಂಬಲ್ಲಿ ಕಾಯಿಲೆಯಿಂದ ಸತ್ತ. ಈಗಿನ ಹುನಾನ್ ಪ್ರಾಂತ್ಯದ ಯುಯೆಯಾಂಗ್ ಅದು. ವಯಸ್ಸು ಮೂವತ್ತೈದು. ತನ್ನ ಜಾಗಕ್ಕೆ ಗೆಳೆಯ ಲೂ ಸುವನ್ನು ನೇಮಿಸಿ ಎಂದು ಬರೆದಿಟ್ಟಿದ್ದ. ಸುನ್ ಚುವಾನ್ ಸೂತಕದ ಬಿಳಿ ಬಟ್ಟೆ ಉಟ್ಟ. ಶವ ಬರುವಾಗ ವುಹುವರೆಗೆ ತಾನೇ ಹೋಗಿ ಎದುರುಗೊಂಡ. 229ರಲ್ಲಿ ಪಟ್ಟವೇರಿದ ಮೇಲೆ, ಅವನಿಲ್ಲದಿದ್ದರೆ ನಾನು ಚಕ್ರವರ್ತಿ ಆಗುತ್ತಿರಲಿಲ್ಲ ಎಂದ.

ಹಾಗಾದರೆ ಹೊಟ್ಟೆಕಿಚ್ಚಿನ ಕಥೆ?

ಅದು ಹದಿನಾಲ್ಕನೇ ಶತಮಾನದ ಲುವೊ ಗುವಾನ್‌ಝೊಂಗ್ ಬರೆದದ್ದು ಎನ್ನಲಾಗುವ 'ಮೂರು ರಾಜ್ಯಗಳ' ಕಾದಂಬರಿಯದು. ಕಾದಂಬರಿಯ ಒಲವು ಲಿಯು ಬೇಯ್ ಕಡೆಗೆ. ಅವನ ಮಂತ್ರಿ ಝೂಗೆ ಲಿಯಾಂಗ್ ಅಲ್ಲಿ ಮಹಾ ಮೇಧಾವಿ. ಒಬ್ಬನನ್ನು ದೊಡ್ಡವನಾಗಿಸಲು ಇನ್ನೊಬ್ಬನನ್ನು ಚಿಕ್ಕವನಾಗಿಸಬೇಕಾಯಿತು. ಕಾದಂಬರಿಯಲ್ಲಿ ಝೂಗೆ ಲಿಯಾಂಗ್ ಮೂರು ಸಲ ಝೌ ಯುವನ್ನು ಕೆಣಕುತ್ತಾನೆ. "ಯುವನ್ನು ಹುಟ್ಟಿಸಿದ ಮೇಲೆ ಲಿಯಾಂಗ್‌ನನ್ನು ಯಾಕೆ ಹುಟ್ಟಿಸಿದೆ" ಎಂದು ಆಕಾಶಕ್ಕೆ ಮುಖ ಮಾಡಿ ನಿಟ್ಟುಸಿರಿಟ್ಟು ಝೌ ಯು ಸಾಯುತ್ತಾನೆ. ಚೆನ್ ಶೌ ಚರಿತ್ರೆಯಲ್ಲಿ ಇದ್ಯಾವುದೂ ಇಲ್ಲ. ಗಾಳಿಯ ದಿಕ್ಕು ಬದಲಿಸಲು ಝೂಗೆ ಲಿಯಾಂಗ್ ಪೂಜೆ ಮಾಡುವುದು, ಹುಲ್ಲಿನ ದೋಣಿ ಬಿಟ್ಟು ಶತ್ರುವಿನ ಬಾಣ ಸಂಪಾದಿಸುವುದು, ಇವೂ ಕಾದಂಬರಿಯ ಕೈಚಳಕವೇ.

ಇನ್ನೂ ಕೆಲವು ಸೊತ್ತು ಕೈ ಬದಲಾಗಿವೆ. 1082ರಲ್ಲಿ ಗಡಿಪಾರಾಗಿ ಹುವಾಂಗ್‌ಝೌನಲ್ಲಿದ್ದ ಕವಿ ಸು ಶಿ ಕೆಂಪು ಬಂಡೆಯ ಬಗ್ಗೆ ಹಾಡು ಬರೆದ. ಅವನು ನೋಡಿದ ಬಂಡೆ ಯುದ್ಧ ನಡೆದ ಜಾಗ ಅಲ್ಲ ಎನ್ನುವುದು ಸಾಮಾನ್ಯ ಅಭಿಪ್ರಾಯ, ಇರಲಿ. ಆ ಹಾಡಿನಲ್ಲಿ ಗರಿಯ ಬೀಸಣಿಗೆ ಹಿಡಿದು, ನಗುನಗುತ್ತಲೇ ಶತ್ರುವಿನ ಹಡಗುಗಳನ್ನು ಬೂದಿ ಮಾಡುವವನು ಝೌ ಯು. ಇವತ್ತು ಗರಿಯ ಬೀಸಣಿಗೆ ಅಂದರೆ ಯಾರಿಗೇ ಆಗಲಿ ನೆನಪಾಗುವುದು ಝೂಗೆ ಲಿಯಾಂಗ್. ಚಿನ್ ವಾದ್ಯವೂ ಅಷ್ಟೇ. ಕೋಟೆ ಬಾಗಿಲು ತೆರೆದಿಟ್ಟು, ಗೋಡೆ ಮೇಲೆ ಕೂತು ವಾದ್ಯ ನುಡಿಸಿ ಶತ್ರುವನ್ನು ಬೆದರಿಸಿ ಓಡಿಸುವ ಪ್ರಸಿದ್ಧ ದೃಶ್ಯವನ್ನು ಕಾದಂಬರಿ ಕೊಟ್ಟಿದ್ದು ಝೂಗೆ ಲಿಯಾಂಗ್‌ಗೆ.

ಝೌ ಯುಗೆ ಉಳಿದದ್ದು ರಂಗಭೂಮಿ. ಬೀಜಿಂಗ್ ಅಪೆರಾದಲ್ಲಿ ಅವನದು ಯುವಕನ ಪಾತ್ರ, ಎತ್ತರದ ಕಂಠದಲ್ಲಿ ಹಾಡಬೇಕು. ಕಿರೀಟದಿಂದ ಎರಡು ಉದ್ದನೆಯ ಹಕ್ಕಿಗರಿ ಹಿಂದಕ್ಕೆ ಬಾಗಿರುತ್ತವೆ, ಸಿಟ್ಟು ಬಂದಾಗ ನಟ ಅವನ್ನು ಅಲ್ಲಾಡಿಸುತ್ತಾನೆ. ಕಥೆ ಕಾದಂಬರಿಯದೇ, ಆದ್ದರಿಂದ ಸಿಟ್ಟು ಬರುವುದು ಜಾಸ್ತಿ. ಹೊಸ ನಟರಿಗೆ ಇದು ಸುಲಭದ ಪಾತ್ರ ಅಲ್ಲ.